‘ದಿ ಪ್ರಿಸನರ್’ ಕೊನೆಯ ಕಂತು ನೋಡಿ ಮನೆಯಲ್ಲಿ ಜಗಳ: ಯಾರು ಸರಿ?

ಪ್ರಶ್ನೆ: ನನಗೆ 54 ವರ್ಷ, ಊರು ಮೈಸೂರು. ಎರಡು ವರ್ಷದ ಹಿಂದೆ ಬ್ಯಾಂಕಿನ ಕೆಲಸ ಬಿಟ್ಟೆ. ಯಾಕೆ ಬಿಟ್ಟೆ ಅಂತ ಇಡೀ ಬಳಗ ಇನ್ನೂ ಕೇಳುತ್ತಿದೆ, ಅದು ಬೇರೆ ಮಾತು. ಇಂಗ್ಲೆಂಡಿನಲ್ಲಿರುವ ತಮ್ಮ ಬಂದಾಗ ‘ದಿ ಪ್ರಿಸನರ್’ ಎಂಬ ಹಳೇ ಬ್ರಿಟಿಷ್ ಧಾರಾವಾಹಿಯ ಡಿವಿಡಿಗಳನ್ನು ತಂದುಕೊಟ್ಟ. ನಾನು, ನಮ್ಮ ಯಜಮಾನರು ರಾತ್ರಿಗೊಂದರಂತೆ 17 ಕಂತೂ ನೋಡಿದೆವು. ಮೊದಮೊದಲು ಊಟ ಬಿಟ್ಟು ನೋಡುವ ಹಾಗಿತ್ತು. ಆಮೇಲೆ ಒಂದು ಕಂತಿನಲ್ಲಿ ನಾಯಕನ ಮುಖವೇ ಬೇರೆ, ಇನ್ನೊಂದು ಕೌಬಾಯ್ ಕಥೆ. ಕೊನೆಯದರಲ್ಲಂತೂ ಮುಖವಾಡ, ರಾಕೆಟ್, ಹಾಡು, ಗುಂಡಿನ ಸುರಿಮಳೆ. ನನಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ಯಜಮಾನರು ‘ಬರೆದವನಿಗೇ ಗೊತ್ತಿರಲಿಲ್ಲ, ನೀನು ಸುಮ್ನೆ ಅರ್ಥ ಹುಡುಕ್ತಿದ್ದೀಯ’ ಅಂದರು. ಜನ ಸಿಟ್ಟಾಗಿ ಇದನ್ನು ನಿಲ್ಲಿಸಿದರಂತೆ, ನಿಜವೇ? ಕಂತುಗಳನ್ನು ನೋಡುವ ಸರಿಯಾದ ಕ್ರಮವೇ ಬೇರೆ ಅಂತಾರೆ, ಅದು ಹೌದೇ? ಮಗಳು ತಾನೂ ನೋಡುತ್ತೇನೆ ಅನ್ನುತ್ತಿದ್ದಾಳೆ, ಎಲ್ಲಿಂದ ತೋರಿಸಲಿ? ನಮಗೆ ಅರ್ಥ ಮಾಡಿಕೊಳ್ಳುವ ಶಕ್ತಿ ಸಾಲದೇ?

ಉತ್ತರ: ಶಕ್ತಿಯ ಮಾತು ಮೊದಲು ಬಿಡಿ. 1968ರಲ್ಲಿ ಬ್ರಿಟನ್ನಿನ ಮನೆಮನೆಯಲ್ಲಿ ಆದ ಜಗಳವೇ ನಿಮ್ಮ ಮನೆಯಲ್ಲೂ ಆಗಿದೆ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಐದು ಪ್ರಶ್ನೆ ಇದ್ದರೂ ಒಳಗಿನ ಅಳುಕು ಒಂದೇ ಅನ್ನಿಸಿತು. ಅಲ್ಲಿ ಇದ್ದದ್ದು ನಮಗೆ ಕಾಣಲಿಲ್ಲವೋ, ಕಾಣಲು ಅಲ್ಲಿ ಏನೂ ಇರಲಿಲ್ಲವೋ?

ಇಪ್ಪತ್ತು ವರ್ಷ ಧಾರಾವಾಹಿಗಳಿಗೆ ಸ್ಕ್ರಿಪ್ಟ್ ಬರೆದು, ಈಗ ಬರೆಯುವುದನ್ನು ಕಲಿಸುತ್ತಿರುವವನು ನಾನು. ಪ್ರತಿ ವರ್ಷ ಹುಡುಗರಿಗೆ ಈ ಧಾರಾವಾಹಿಯ ಎರಡು ಮೂರು ಕಂತು ತೋರಿಸುತ್ತೇನೆ. ಪ್ರತಿ ವರ್ಷವೂ ತರಗತಿ ಎರಡು ಹೋಳಾಗುತ್ತದೆ. ಆದ್ದರಿಂದ ನನ್ನ ಉತ್ತರ ಸ್ವಲ್ಪ ಉದ್ದವಾದರೆ ಕ್ಷಮಿಸಿ. ಇನ್ನೂ ನೋಡದವರು ಓದುತ್ತಿದ್ದರೆ ಒಂದು ಎಚ್ಚರಿಕೆ: ಕೊನೆಯ ಕಂತಿನ ಗುಟ್ಟನ್ನು ಇಲ್ಲಿ ಹೇಳಲೇಬೇಕಾಗಿದೆ.

ನೋಡದವರಿಗಾಗಿ ಕಥೆ ಇಷ್ಟು. ಲಂಡನ್ನಿನಲ್ಲಿ ಒಬ್ಬ ಗುಪ್ತಚರ ಸಿಟ್ಟಿನಿಂದ ರಾಜೀನಾಮೆ ಕೊಟ್ಟು ಮನೆಗೆ ಬರುತ್ತಾನೆ. ಪೆಟ್ಟಿಗೆ ಕಟ್ಟುತ್ತಿರುವಾಗ ಯಾರೋ ಬೀಗದ ಕಿಂಡಿಯಿಂದ ಗ್ಯಾಸ್ ಬಿಡುತ್ತಾರೆ. ಎಚ್ಚರವಾದಾಗ ಅದೇ ಕೋಣೆ, ಆದರೆ ಕಿಟಕಿಯ ಹೊರಗೆ ಬೇರೆ ಊರು. ಬಣ್ಣಬಣ್ಣದ ಗೋಪುರಗಳು, ಬ್ಯಾಂಡಿನವರು, ಪಟ್ಟೆ ಪಟ್ಟೆಯ ಅಂಗಿ ತೊಟ್ಟು ನಗುನಗುತ್ತಾ ಓಡಾಡುವ ಜನ. ಅಲ್ಲಿ ಯಾರಿಗೂ ಹೆಸರಿಲ್ಲ, ನಂಬರ್ ಇದೆ. ಇವನು ನಂಬರ್ ಸಿಕ್ಸ್. ಊರು ನಡೆಸುವವನು ನಂಬರ್ ಟು, ಆ ಕುರ್ಚಿಗೆ ಹೆಚ್ಚುಕಡಿಮೆ ಪ್ರತಿ ಕಂತಿಗೂ ಹೊಸಬರು. ಎಲ್ಲರಿಗೂ ಬೇಕಾದದ್ದು ಒಂದೇ ಉತ್ತರ: ‘ಯಾಕೆ ರಾಜೀನಾಮೆ ಕೊಟ್ಟೆ?’ ಇವನು ಹೇಳುವುದಿಲ್ಲ. ಓಡಿಹೋಗಲು ನೋಡುತ್ತಾನೆ. ಓಡಿದರೆ ದೊಡ್ಡ ಬಿಳಿ ಬಲೂನೊಂದು ಉರುಳುತ್ತಾ ಬಂದು ಮುಚ್ಚಿಕೊಳ್ಳುತ್ತದೆ.

ಮೊದಲು ನಿಮ್ಮ ಕಿವಿಗೆ ಬಿದ್ದ ಗಾಳಿಸುದ್ದಿ. ಜನ ಸಿಟ್ಟಾಗಿ ನಿಲ್ಲಿಸಿದರು ಎಂಬುದು ಸುಳ್ಳು. ಸಿಟ್ಟಾದದ್ದು ನಿಜ, ನಿಂತದ್ದು ಅದರಿಂದಲ್ಲ. 1967ರ ಸೆಪ್ಟೆಂಬರ್ ಕೊನೆಯಲ್ಲಿ ಶುರುವಾದ ಪ್ರಸಾರ 1968ರ ಫೆಬ್ರವರಿ ಮೊದಲ ವಾರದಲ್ಲಿ ಮುಗಿಯಿತು. ಕೊನೆಯ ಕಂತು ‘ಫಾಲ್ ಔಟ್’ ಬರುವ ಮೊದಲೇ ಅದು ಕೊನೆಯದು ಎಂದು ತೀರ್ಮಾನವಾಗಿತ್ತು. ಜನ ಫೋನ್ ಮಾಡಿ ಕೂಗಾಡಿದ್ದು ಅದನ್ನು ನೋಡಿದ ಮೇಲೆ. ನಾಯಕ ನಟ ಪ್ಯಾಟ್ರಿಕ್ ಮ್ಯಾಕ್‌ಗೂಹನ್ ಆಗ ತಲೆಮರೆಸಿಕೊಳ್ಳಬೇಕಾಯಿತು ಎಂದು ಅವರೇ ಮುಂದೆ ನಗುತ್ತಾ ಹೇಳಿಕೊಂಡಿದ್ದಾರೆ. ಸ್ವಲ್ಪ ಉಪ್ಪುಖಾರ ಹಾಕಿರಬಹುದು, ನಟರಲ್ಲವೇ.

ಹಾಗಾದರೆ 17ಕ್ಕೇ ಯಾಕೆ ನಿಂತಿತು? ನಿಮ್ಮ ಯಜಮಾನರ ಗುಮಾನಿಗೂ ಉತ್ತರ ಇಲ್ಲೇ ಇದೆ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಮ್ಯಾಕ್‌ಗೂಹನ್ ಆ ಹೊತ್ತಿಗೆ ‘ಡೇಂಜರ್ ಮ್ಯಾನ್’ ಎಂಬ ಪತ್ತೇದಾರಿ ಧಾರಾವಾಹಿಯ ನಾಯಕ. ಬ್ರಿಟಿಷ್ ಟಿವಿಯಲ್ಲಿ ಅತಿ ಹೆಚ್ಚು ಸಂಬಳ ಪಡೆಯುವವರಲ್ಲಿ ಒಬ್ಬರು. ಅದರಿಂದ ಬೇಸತ್ತು, ಇನ್ನು ಮಾಡುವುದಿಲ್ಲ ಎಂದು ಹೇಳಲು ನಿರ್ಮಾಣ ಕಂಪನಿಯ ದೊರೆ ಲ್ಯೂ ಗ್ರೇಡ್ ಬಳಿ ಹೋದರು. ಹೋದವರು ಹೊಸ ಕಥೆಯೊಂದನ್ನು ಮುಂದಿಟ್ಟರು. ಗ್ರೇಡ್ ಒಪ್ಪಿದರು. ಮ್ಯಾಕ್‌ಗೂಹನ್ ನಂತರ ಹೇಳಿದ ಪ್ರಕಾರ ಅವರಿಗೆ ಬೇಕಾಗಿದ್ದದ್ದು 7 ಕಂತು ಮಾತ್ರ. ಅಮೆರಿಕಕ್ಕೆ ಮಾರಬೇಕಿದ್ದ ಗ್ರೇಡ್‌ಗೆ 26 ಬೇಕಿತ್ತು. ಎಳೆದಾಡಿ 17ಕ್ಕೆ ಬಂದು ನಿಂತರು.

ಕನ್ನಡ ಸೀರಿಯಲ್ ಬರೆದವರಿಗೆ ಈ ಲೆಕ್ಕ ಹೊಟ್ಟೆಯೊಳಗೆ ಗೊತ್ತು. ಒಮ್ಮೆ ನಾನು 60 ಕಂತಿಗೆ ಅಂತ ಕಟ್ಟಿದ ಕಥೆಯನ್ನು ಚಾನೆಲ್ಲಿನವರು 200ಕ್ಕೆ ಹಿಗ್ಗಿಸಿ ಅಂದರು. ಹಿಗ್ಗಿಸಿದೆ. ಅದರಲ್ಲಿ ಒಂದು ಮದುವೆ ಮೂರು ವಾರ ನಡೆಯಿತು. ಆ ಮೂರು ವಾರಕ್ಕೆ ಅರ್ಥ ಹುಡುಕಿ ಒಬ್ಬರು ನನಗೆ ಪತ್ರ ಬರೆದಿದ್ದರು, ಪಾಪ.

ಮುಂದಿನದು ಇನ್ನೂ ಮುಖ್ಯ. 1966ರ ಸೆಪ್ಟೆಂಬರ್‌ನಲ್ಲಿ ಶೂಟಿಂಗ್ ಶುರುವಾಯಿತು. ಮೊದಲು ಒಟ್ಟಿಗೆ 13 ಕಂತು ತಯಾರಾದವು. ಅಲ್ಲಿಗೆ ಒಂದು ವಿರಾಮ. ಆಮೇಲೆ ಅವಸರದಲ್ಲಿ ಇನ್ನು ನಾಲ್ಕು. ಆ ಹೊತ್ತಿಗೆ ಸ್ಕ್ರಿಪ್ಟ್ ಎಡಿಟರ್ ಜಾರ್ಜ್ ಮಾರ್ಕ್‌ಸ್ಟೀನ್ ಜಗಳವಾಡಿ ಹೊರಗೆ ಹೋಗಿದ್ದರು. ಈಗ ನಿಮ್ಮ ಪತ್ರ ನೋಡಿ. ‘ನಾಯಕನ ಮುಖವೇ ಬೇರೆ’ ಅಂದಿರಲ್ಲ, ಅದು ‘ಡು ನಾಟ್ ಫರ್ಸೇಕ್ ಮಿ ಓ ಮೈ ಡಾರ್ಲಿಂಗ್’. ಕೌಬಾಯ್ ಕಥೆ ‘ಲಿವಿಂಗ್ ಇನ್ ಹಾರ್ಮನಿ’. ನೀವು ಹೆಸರಿಸದಿದ್ದರೂ ನಡುವೆ ಬಂದ ತಮಾಷೆಯ ಕಂತು ‘ದಿ ಗರ್ಲ್ ಹೂ ವಾಸ್ ಡೆತ್’. ಕೊನೆಗೆ ‘ಫಾಲ್ ಔಟ್’. ಆ ನಾಲ್ಕು ಇವೇ. ಯಾವ ಕಂತು ಯಾವಾಗ ತಯಾರಾಯಿತು ಎಂದು ತಿಳಿಯದೆಯೇ ಜಾಡು ತಪ್ಪಿದ ಜಾಗವನ್ನು ನೀವು ಸರಿಯಾಗಿ ಹಿಡಿದಿದ್ದೀರಿ. ಅರ್ಥ ಮಾಡಿಕೊಳ್ಳುವ ಶಕ್ತಿ ಸಾಲದವರಿಗೆ ಇದು ಆಗುವ ಕೆಲಸವಲ್ಲ.

ಮುಖ ಬದಲಾದ ಗುಟ್ಟೂ ಇಷ್ಟೇ: ನಾಯಕನ ಡೇಟ್ಸ್ ಇರಲಿಲ್ಲ. ಮ್ಯಾಕ್‌ಗೂಹನ್ ‘ಐಸ್ ಸ್ಟೇಷನ್ ಜೀಬ್ರಾ’ ಎಂಬ ಹಾಲಿವುಡ್ ಸಿನಿಮಾಕ್ಕೆ ಅಮೆರಿಕಕ್ಕೆ ಹೋಗಿದ್ದರು. ಶೂಟಿಂಗ್ ನಿಲ್ಲಿಸುವ ಹಾಗಿಲ್ಲ. ಅದಕ್ಕೆ ನಂಬರ್ ಸಿಕ್ಸ್‌ನ ಮನಸ್ಸನ್ನು ಬೇರೊಬ್ಬನ ಮೈಗೆ ದಾಟಿಸುವ ಕಥೆ ಹೊಸೆದು, ನೈಜೆಲ್ ಸ್ಟಾಕ್ ಎಂಬ ನಟರ ಕೈಯಲ್ಲಿ ಮಾಡಿಸಿದರು. ನಮ್ಮಲ್ಲಾದರೆ ಆಕ್ಸಿಡೆಂಟ್, ಆಮೇಲೆ ಪ್ಲಾಸ್ಟಿಕ್ ಸರ್ಜರಿ. ಅವರದು ಸ್ವಲ್ಪ ಖರ್ಚಿನದು, ಅಷ್ಟೇ ವ್ಯತ್ಯಾಸ.

ಕೊನೆಯ ಕಂತಿನ ಕಥೆ ಇನ್ನೂ ಕಷ್ಟದ್ದು. ಪ್ರಸಾರ ಶುರುವಾಗಿಬಿಟ್ಟಿತ್ತು, ಮುಗಿಸುವ ಕಂತು ಕೈಯಲ್ಲಿರಲಿಲ್ಲ. ಮ್ಯಾಕ್‌ಗೂಹನ್ ಕೂತು ಕೆಲವೇ ದಿನಗಳಲ್ಲಿ ಬರೆದರು. ಗವಿಯೊಳಗಿನ ಸಭೆಯಲ್ಲಿ ಕೆಂಪು ನಿಲುವಂಗಿ ತೊಟ್ಟು ಮಾತಾಡುವ ಅಧ್ಯಕ್ಷರ ಪಾತ್ರ ಮಾಡಿದ ಕೆನೆತ್ ಗ್ರಿಫಿತ್, ತಮ್ಮ ಭಾಷಣವನ್ನು ತಾವೇ ಬರೆದುಕೊಂಡದ್ದಾಗಿ ಮುಂದೆ ಹೇಳಿದ್ದಾರೆ. ಅದರ ಹಿಂದಿನ ಕಂತು ‘ಒನ್ಸ್ ಅಪಾನ್ ಎ ಟೈಮ್’ ಶೂಟ್ ಆದದ್ದು ಎಷ್ಟೋ ತಿಂಗಳ ಹಿಂದೆ. ಅದರಲ್ಲಿ ನಂಬರ್ ಟು ಆಗಿದ್ದ ಲಿಯೋ ಮೆಕರ್ನ್ ಅಷ್ಟರಲ್ಲಿ ಗಡ್ಡ ತೆಗೆದಿದ್ದರು. ಕಥೆಯಲ್ಲಿ ಎರಡೂ ಕಂತು ಒಂದರ ಹಿಂದೊಂದು, ಆದರೆ ಮುಖ ಬೇರೆ! ಅದಕ್ಕೇ ಸತ್ತವನನ್ನು ಎಬ್ಬಿಸುವಾಗ ನೊರೆ ಹಚ್ಚಿ ಕ್ಷೌರ ಮಾಡುವ ದೃಶ್ಯ ಸೇರಿಸಿದರು. ‘ಕ್ಷೌರ ಅಂದರೆ ಮರುಹುಟ್ಟಿನ ಸಂಕೇತ’ ಎಂದು ಉದ್ದುದ್ದ ಬರೆದವರಿದ್ದಾರೆ. ಕ್ಷೌರವೇನೋ ಚೆನ್ನಾಗಿಯೇ ಇದೆ.

ಆ ಬಿಳಿ ಬಲೂನಿಗೂ ಇಂಥದ್ದೇ ಹುಟ್ಟು. ಕಾವಲಿಗೆ ಅಂತ ಅವರು ಮೊದಲು ಮಾಡಿಸಿದ್ದು ಗೋ-ಕಾರ್ಟ್ ಮೇಲೆ ಗುಮ್ಮಟ ಕೂರಿಸಿದ ಒಂದು ಯಂತ್ರ. ನೀರಲ್ಲೂ ಓಡಬೇಕು, ಗೋಡೆಯನ್ನೂ ಹತ್ತಬೇಕು ಎಂಬ ಆಸೆ. ಅದು ಕೈಕೊಟ್ಟಿತು. ಆಗ ಯಾರಿಗೋ ಹವಾಮಾನ ಇಲಾಖೆಯವರು ಹಾರಿಸುವ ಬಲೂನ್ ಕಣ್ಣಿಗೆ ಬಿತ್ತು. ಅದನ್ನೇ ಹಿಡಿದು ತಂದರು. ಆ ಗುಮ್ಮಟದ ಯಂತ್ರವೇ ಉಳಿದಿದ್ದರೆ ಇವತ್ತು ನೋಡಿ ನಗುತ್ತಿದ್ದೆವು. ಬಲೂನಿಗೆ ಕಣ್ಣಿಲ್ಲ, ಬಾಯಿಲ್ಲ, ಕೋಪವೂ ಇಲ್ಲ. ಸುಮ್ಮನೆ ಬಂದು ಮುಖಕ್ಕೆ ಅಂಟಿಕೊಳ್ಳುತ್ತದೆ. ಅದಕ್ಕಿಂತ ಭಯಂಕರವಾದ ಪೊಲೀಸನನ್ನು ನಾನು ಟಿವಿಯಲ್ಲಿ ನೋಡಿಲ್ಲ.

ಹಾಗಾದರೆ ಯಜಮಾನರೇ ಸರಿಯೇ? ಅರ್ಧ ಸರಿ. ಬರೆದವರ ಬಳಿ ಮೊದಲಿನಿಂದ ಕೊನೆಯವರೆಗಿನ ನಕಾಶೆ ಇರಲಿಲ್ಲ. 17 ಕಂತಿನ ಒಳಗೆ ಎಲ್ಲೋ ಒಂದು ಬೀಗದಕೈ ಅಡಗಿದೆ, ಸಿಕ್ಕರೆ ಎಲ್ಲ ತೆರೆದುಕೊಳ್ಳುತ್ತದೆ ಎಂದು ಹುಡುಕುವವರು ಐವತ್ತು ವರ್ಷದಿಂದ ಹುಡುಕುತ್ತಲೇ ಇದ್ದಾರೆ. ಆದರೆ ‘ನಕಾಶೆ ಇರಲಿಲ್ಲ, ಆದ್ದರಿಂದ ಅರ್ಥವಿಲ್ಲ’ ಎಂಬ ಜಿಗಿತ ಇದೆಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಅವರ ಬಳಿ ಉತ್ತರ ಇರಲಿಲ್ಲ, ಆದರೆ ಒಂದು ಹಟ ಇತ್ತು. ಒಬ್ಬ ಮನುಷ್ಯನ ಬಾಯಿಂದ ‘ಹೂಂ’ ಅನ್ನಿಸಲು ಎಷ್ಟು ದಾರಿಗಳಿವೆ? ಪ್ರತಿ ಕಂತೂ ಇನ್ನೊಂದು ದಾರಿ ತೋರಿಸುತ್ತದೆ. ಹೊಡೆತ ಕಡಿಮೆ, ನಯ ಜಾಸ್ತಿ.

ನನ್ನ ಹುಡುಗರಿಗೆ ನಾನು ಯಾವಾಗಲೂ ತೋರಿಸುವುದು ‘ಚೆಕ್‌ಮೇಟ್’. ಊರ ಹುಲ್ಲುಹಾಸಿನ ಮೇಲೆ ಜನರನ್ನೇ ಕಾಯಿ ಮಾಡಿ ಚದುರಂಗ ಆಡುವ ಕಂತು, ನೆನಪಿದೆಯಲ್ಲ? ಇಲ್ಲಿ ಯಾರು ಕೈದಿ, ಯಾರು ಕಾವಲುಗಾರ ಎಂದು ಮೇಲ್ನೋಟಕ್ಕೆ ತಿಳಿಯದು. ನಂಬರ್ ಸಿಕ್ಸ್ ಒಂದು ಉಪಾಯ ಮಾಡುತ್ತಾನೆ. ಗತ್ತಿನಿಂದ ಮಾತಾಡಿಸಿದರೆ ತಗ್ಗುವವನು ಕೈದಿ, ತಿರುಗಿ ಗತ್ತು ತೋರಿಸುವವನು ಕಾವಲುಗಾರ. ಹೀಗೆ ಆರಿಸಿ ನಾಲ್ಕಾರು ಜನರನ್ನು ಒಟ್ಟುಮಾಡಿ ಓಡಿಹೋಗಲು ಸಜ್ಜಾಗುತ್ತಾನೆ. ಕೊನೆಗೆ ಕೆಡಿಸಿದ್ದು ಯಾರು? ಅವನ ಗುಂಪಿನವರೇ. ಅವನದೇ ಪರೀಕ್ಷೆಯನ್ನು ಅವನ ಮೇಲೆ ಹಾಕಿ ನೋಡಿದರು. ಅವನ ಗತ್ತು ನೋಡಿ ‘ಇವನೇ ಕಾವಲುಗಾರ’ ಎಂದು ತೀರ್ಮಾನಿಸಿದರು. ಇಡೀ ಧಾರಾವಾಹಿಯ ಕೊನೆ ಈ ಕಂತಿನಲ್ಲೇ ಇದೆ. ಶೂಟ್ ಮಾಡಿದ ಮೊದಲ ಕೆಲವು ಕಂತುಗಳಲ್ಲಿ ಇದೂ ಒಂದು ಎಂಬುದನ್ನು ಗಮನಿಸಿ.

ಅಲ್ಲಿಂದ ‘ಫಾಲ್ ಔಟ್’ಗೆ ಹೋಗಿ. ನಂಬರ್ ಟುಗೂ ಮೇಲಿನವನು, ಅಲ್ಲಿಯವರೆಗೆ ಕಾಣಿಸಿಕೊಳ್ಳದ ನಂಬರ್ ಒನ್ ಯಾರು ಎಂದು ನೋಡಲು ನಾಯಕ ಅವನ ಮುಖವಾಡ ಕೀಳುತ್ತಾನೆ. ಒಳಗೆ ಕೋತಿಯ ಮುಖವಾಡ. ಅದನ್ನೂ ಕಿತ್ತರೆ ತನ್ನದೇ ಮುಖ, ಹುಚ್ಚನ ಹಾಗೆ ನಗುತ್ತಿರುತ್ತದೆ. ಕಣ್ಣು ಮಿಟುಕಿಸಿದರೆ ತಪ್ಪಿಹೋಗುವಷ್ಟು ಹೊತ್ತು. ನೀವಿಬ್ಬರೂ ಡಿವಿಡಿ ಹಿಂದೆ ಓಡಿಸಿ ನೋಡಿದ್ದೀರಿ ಎಂದು ಬಲ್ಲೆ. 1968ರವರಿಗೆ ಆ ಸೌಲಭ್ಯ ಇರಲಿಲ್ಲ. ಇನ್ನೊಂದು ಮಾತು, ಇದು ಬರುತ್ತಿದ್ದ ಐಟಿವಿ ವಾಹಿನಿಯಲ್ಲಿ ಬಣ್ಣದ ಪ್ರಸಾರ ಬಂದದ್ದೇ 1969ರ ನವೆಂಬರ್‌ನಲ್ಲಿ. ಅಂದರೆ ನೀವು ನೋಡಿದ ಆ ಬಣ್ಣದ ಊರನ್ನು ಅವತ್ತಿನ ಬ್ರಿಟಿಷರು ನೋಡಿದ್ದು ಕಪ್ಪುಬಿಳುಪಿನಲ್ಲಿ. ಚಿಕ್ಕ ಪರದೆ, ಬೂದು ಬಣ್ಣ, ಒಂದು ಕ್ಷಣದ ಮುಖ. ನಾಲ್ಕು ತಿಂಗಳು ಕಾದಿದ್ದಕ್ಕೆ ಇಷ್ಟೇ ಸಿಕ್ಕಿದರೆ ಯಾರಾದರೂ ಫೋನ್ ಎತ್ತಿ ಬೈಯುತ್ತಾರೆ. ಬೈದವರು ದಡ್ಡರು ಎಂದು ಅಭಿಮಾನಿಗಳು ಹೇಳುವುದು ನನಗೆ ಹಿಡಿಸುವುದಿಲ್ಲ. ಪತ್ತೇದಾರಿ ಕಥೆ ಎಂದು ಕರೆದು ಕೂರಿಸಿದವರಿಗೆ ಪತ್ತೆಯ ಸಾಲ ತೀರಿಸಬೇಕಾಗುತ್ತದೆ. ಮ್ಯಾಕ್‌ಗೂಹನ್ ಆ ಸಾಲ ತೀರಿಸಲಿಲ್ಲ.

ಆದರೆ ಸುಳಿವು ಕೊಟ್ಟಿರಲಿಲ್ಲ ಅನ್ನುವ ಹಾಗಿಲ್ಲ. ಹೆಚ್ಚಿನ ಕಂತುಗಳ ಆರಂಭದಲ್ಲಿ ಬರುವ ಮಾತುಕತೆ ನೆನಪು ಮಾಡಿಕೊಳ್ಳಿ. ‘ನಂಬರ್ ಒನ್ ಯಾರು?’ ಎಂದು ಇವನು ಕೇಳುತ್ತಾನೆ. ‘ನೀನು ನಂಬರ್ ಸಿಕ್ಸ್’ ಎಂದು ಉತ್ತರ ಬರುತ್ತದೆ. ಪ್ರಶ್ನೆಯನ್ನು ತಳ್ಳಿಹಾಕಿದ ಹಾಗೆ ಕೇಳಿಸುತ್ತದೆ, ಅಲ್ವಾ? ಇಂಗ್ಲಿಷ್ ಮಾತಿನ ನಡುವೆ ಒಂದು ಅಲ್ಪವಿರಾಮ ಇಟ್ಟು ಕೇಳಿ. ‘ನೀನೇ, ನಂಬರ್ ಸಿಕ್ಸ್’ ಎಂದಾಗುತ್ತದೆ. ಬೇಕೆಂದೇ ಹಾಗೆ ಬರೆದರೋ, ಬರೆದ ಮೇಲೆ ಹಾಗಾಯಿತೋ, ಅಭಿಮಾನಿಗಳು ಇವತ್ತಿಗೂ ವಾದಿಸುತ್ತಾರೆ. ನನಗೆ ಅದು ಮುಖ್ಯವಲ್ಲ. ಮಾತು ಎರಡೂ ಕಡೆ ಕೂತುಕೊಳ್ಳುತ್ತದೆ, ಅಷ್ಟು ಸಾಕು.

ಕನ್ನಡದವರಿಗೆ ಇದು ಅಷ್ಟು ಹೊಸದಾಗಿ ಕಾಣಬೇಕಿಲ್ಲ. ನಮ್ಮಲ್ಲಿ ಬೆಡಗಿನ ವಚನಗಳಿವೆ, ದಾಸರ ಮುಂಡಿಗೆಗಳಿವೆ. ಮೇಲಿನ ಮಾತು ಹಿಡಿದರೆ ಅಸಂಬದ್ಧ, ಬಿಟ್ಟರೂ ಬಿಡುವುದಿಲ್ಲ. ಅವಕ್ಕೆ ಟೀಕು ಬರೆದವರೂ ಇದ್ದಾರೆ, ಇದಕ್ಕೆ ಇದು ಅರ್ಥ ಎಂದು ಬಿಡಿಸಿಟ್ಟವರು. ಆದರೂ ಟೀಕು ಓದಿ ಮುಗಿಸಿದ ಮೇಲೆ ವಚನ ಮುಗಿಯುವುದಿಲ್ಲ. ‘ಫಾಲ್ ಔಟ್’ ಅನ್ನು ಹಾಗೆ ನೋಡಿದರೆ ಸ್ವಲ್ಪ ಹಗುರಾಗುತ್ತದೆ. ಆದರೆ ಹೋಲಿಕೆಯನ್ನು ಜಾಸ್ತಿ ಎಳೆಯಬೇಡಿ. ಬೆಡಗಿನ ಹಿಂದೆ ಒಂದು ಸಾಧನೆ ಇದೆ, ಒಂದು ಪರಂಪರೆ ಇದೆ. ಬರೆದವರಿಗೆ ತಾವೇನು ಮುಚ್ಚಿಡುತ್ತಿದ್ದೇವೆ ಎಂಬುದು ಗೊತ್ತಿತ್ತು. ‘ಫಾಲ್ ಔಟ್’ ಅರ್ಧ ಬೆಡಗು, ಅರ್ಧ ಅವಸರ. ಬೀಟಲ್ಸ್ ಹಾಡಿನ ಜೊತೆಗೆ ಮೆಷಿನ್‌ಗನ್ ಹಾರಿಸುವ ದೃಶ್ಯ ನನ್ನ ಪ್ರಕಾರ ಅವಸರದ ಕಡೆಯದು. ಪ್ರೀತಿಯ ಹಾಡು, ಗುಂಡಿನ ಸದ್ದು, ಅಷ್ಟಕ್ಕೇ ಒಂದು ಮಾತು ಹೇಳಿದ ಹಾಗಾಯಿತು ಎಂಬ ಧೋರಣೆ. ಆದರೆ ಅದರ ನಂತರ ಬರುವ ಮೂರು ನಿಮಿಷ? ಲಂಡನ್ನಿನ ಮನೆಗೆ ಮರಳುತ್ತಾರೆ. ಬಾಗಿಲ ಮೇಲೆ ‘1’ ಎಂಬ ಅಂಕಿ. ಬಾಗಿಲು ತಾನಾಗಿಯೇ ತೆರೆದುಕೊಳ್ಳುತ್ತದೆ, ಥೇಟ್ ಆ ಊರಿನ ಬಾಗಿಲುಗಳ ಹಾಗೆ. ಯಾರೂ ಏನೂ ಮಾತಾಡುವುದಿಲ್ಲ. ಇವನು ಕಾರು ಹತ್ತಿ, ಮೊದಲ ಕಂತಿನ ಮೊದಲ ದೃಶ್ಯದ ಹಾಗೆಯೇ ನಮ್ಮತ್ತ ಬರುತ್ತಾನೆ. ನಿಮ್ಮ ಎರಡು ರಾತ್ರಿ ನಿದ್ದೆ ಕೆಡಿಸಿದ್ದು ಗುಂಡಿನ ಸುರಿಮಳೆ ಅಲ್ಲ, ಆ ಬಾಗಿಲು ಎಂದು ನನ್ನ ಊಹೆ.

ಇನ್ನು ಕ್ರಮದ ವಿಚಾರ. ಇದು ಗಾಳಿಸುದ್ದಿಯಲ್ಲ, ನಿಜವಾದ ತೊಡಕು. ಪ್ರಸಾರವಾದ ಕ್ರಮ ಬೇರೆ, ತಯಾರಾದ ಕ್ರಮ ಬೇರೆ, ಕಥೆಗೆ ಒಗ್ಗುವ ಕ್ರಮ ಇನ್ನೂ ಬೇರೆ. ‘ಡಾನ್ಸ್ ಆಫ್ ದಿ ಡೆಡ್’ ನೀವು ನೋಡಿದ್ದು ಎಂಟನೆಯದಾಗಿ. ಅದರಲ್ಲಿ ಅವನು ‘ನಾನು ಇಲ್ಲಿಗೆ ಹೊಸಬ’ ಅನ್ನುತ್ತಾನೆ. ಎಂಟು ವಾರ ಕಳೆದ ಮೇಲೆ ಎಂಥ ಹೊಸಬ! ‘ದಿ ಜನರಲ್’ ಮತ್ತು ‘ಎ. ಬಿ. ಅಂಡ್ ಸಿ.’ ಎರಡರಲ್ಲೂ ನಂಬರ್ ಟು ಒಬ್ಬರೇ, ಕಾಲಿನ್ ಗಾರ್ಡನ್. ಎರಡನೆಯದರ ಆರಂಭದಲ್ಲಿ ‘ನಾನು ಹೊಸ ನಂಬರ್ ಟು’ ಎಂಬ ಎಂದಿನ ಮಾತಿನ ಬದಲು ‘ನಾನು ನಂಬರ್ ಟು’ ಎಂದಷ್ಟೇ ಇದೆ. ಅಂದರೆ ಅದು ಎರಡನೆಯ ಸಲ ಬಂದದ್ದು ಎಂದು ಲೆಕ್ಕ. ಪ್ರಸಾರದಲ್ಲಿ ಮಾತ್ರ ಅದೇ ಮೊದಲು ಬಂತು. ಇಂಥ ತೊಡಕು ಬಿಡಿಸುವುದೇ ಕೆಲವರಿಗೆ ಚಟ. ನಿಮಗೆ ಬೇಕಿಲ್ಲ. ‘ಅರೈವಲ್’ ಮೊದಲು, ‘ಒನ್ಸ್ ಅಪಾನ್ ಎ ಟೈಮ್’ ಮತ್ತು ‘ಫಾಲ್ ಔಟ್’ ಕೊನೆಗೆ. ನಡುವಿನವು ಹೇಗೆ ಬಂದರೂ ಆಕಾಶ ಬೀಳುವುದಿಲ್ಲ.

ಮಗಳಿಗೆ ತೋರಿಸುವುದಾದರೆ ಕೆಲವು ದಾರಿಗಳಿವೆ. ನಿಮ್ಮ ಹಾಗೆಯೇ 17ನ್ನೂ ಸಾಲಾಗಿ ನೋಡಲಿ ಎಂಬುದು ಒಂದು. ಅಪಾಯ ಏನೆಂದರೆ 13, 14, 15ನೇ ಕಂತುಗಳಲ್ಲಿ ಬೇಸತ್ತು, ಒಳ್ಳೆಯ 16ನೆಯದು ಬರುವ ಹೊತ್ತಿಗೆ ಮೊಬೈಲ್ ಹಿಡಿದಿರುತ್ತಾಳೆ. ಇನ್ನೊಂದು, ಮ್ಯಾಕ್‌ಗೂಹನ್ ಮುಖ್ಯವೆಂದು ಹೇಳಿದ್ದಾಗಿ ಅಭಿಮಾನಿಗಳು ಪಟ್ಟಿ ಮಾಡಿರುವ ಏಳು: ‘ಅರೈವಲ್’, ‘ಫ್ರೀ ಫಾರ್ ಆಲ್’, ‘ಡಾನ್ಸ್ ಆಫ್ ದಿ ಡೆಡ್’, ‘ಚೆಕ್‌ಮೇಟ್’, ‘ದಿ ಚೈಮ್ಸ್ ಆಫ್ ಬಿಗ್ ಬೆನ್’, ಕೊನೆಯ ಎರಡು. ಇದು ಬಿಗಿಯಾಗಿದೆ, ಆದರೆ ನಗು ಕಡಿಮೆ. ನಂಬರ್ ಸಿಕ್ಸ್ ಸುಳ್ಳು ಸುಳಿವುಗಳನ್ನು ಬಿಟ್ಟು ಕ್ರೂರಿ ನಂಬರ್ ಟು ಒಬ್ಬನಿಗೆ ಹುಚ್ಚು ಹಿಡಿಸುವ ‘ಹ್ಯಾಮರ್ ಇನ್‌ಟು ಆನ್ವಿಲ್’ ತಪ್ಪಿಹೋಗುತ್ತದೆ. ಆರಂಭದ ಸುಮಾರು ಅರ್ಧ ಹೊತ್ತು ಅರ್ಥವಾಗುವ ಒಂದು ಮಾತೂ ಇಲ್ಲದೆ ನಡೆಯುವ ‘ಮೆನಿ ಹ್ಯಾಪಿ ರಿಟರ್ನ್ಸ್’ ಕೂಡ ಇರುವುದಿಲ್ಲ. ಅದಕ್ಕೇ ನಾನು ಆ ಏಳಕ್ಕೆ ಇವೆರಡನ್ನೂ ‘ದಿ ಜನರಲ್’ ಅನ್ನೂ ಸೇರಿಸಿ ಹತ್ತು ಮಾಡುತ್ತೇನೆ. ‘ದಿ ಜನರಲ್’ನಲ್ಲಿ ಮೂರು ವರ್ಷದ ಇತಿಹಾಸ ಪಾಠವನ್ನು ಮೂರು ನಿಮಿಷದಲ್ಲಿ ಟಿವಿ ಮೂಲಕ ತಲೆಗೆ ತುಂಬುತ್ತಾರೆ. ಊರವರೆಲ್ಲ ತಾರೀಖುಗಳನ್ನು ಪಟಪಟ ಹೇಳುತ್ತಾರೆ, ಎಲ್ಲರದೂ ಅಕ್ಷರಕ್ಕೆ ಅಕ್ಷರ ಒಂದೇ ಉತ್ತರ. ಕೋಚಿಂಗ್ ಸೆಂಟರ್ ಕಂಡ ಹುಡುಗಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ‘ಫ್ರೀ ಫಾರ್ ಆಲ್’ ಚುನಾವಣೆಯ ಕಂತು. ನಿಲ್ಲುತ್ತೇನೆ ಎಂದು ಇವನು ಬಾಯಿ ಬಿಡುವ ಹೊತ್ತಿಗೇ ಇವನ ಪೋಸ್ಟರುಗಳು ಸಿದ್ಧವಾಗಿರುತ್ತವೆ. ಅದನ್ನಂತೂ ವಿವರಿಸುವುದೇ ಬೇಡ.

2009ರಲ್ಲಿ ಅಮೆರಿಕದ ವಾಹಿನಿಯೊಂದು ಇದನ್ನೇ ಆರು ಕಂತಿನಲ್ಲಿ ಹೊಸದಾಗಿ ಮಾಡಿತು, ಇಯನ್ ಮೆಕೆಲನ್ ನಂಬರ್ ಟು. ಅಲ್ಲಿಂದ ಶುರು ಮಾಡಿಸಬೇಡಿ. ಅದರಲ್ಲಿ ಗಾಂಭೀರ್ಯ ಬಹಳ, ತುಂಟತನ ಇಲ್ಲ. ಹಳೆಯದರ ಊರು ನೋಡಲು ಐಸ್‌ಕ್ರೀಮ್ ಡಬ್ಬಿಯ ಹಾಗಿದೆ, ಭಯ ಹುಟ್ಟುವುದೇ ಅದರಿಂದ. ಆ ಊರು ಸೆಟ್ ಅಲ್ಲ ಎಂದು ನಿಮ್ಮ ತಮ್ಮ ಹೇಳಿರಬೇಕು. ಉತ್ತರ ವೇಲ್ಸ್‌ನ ಪೋರ್ಟ್‌ಮೇರಿಯನ್ ಅದು. ಕ್ಲಫ್ ವಿಲಿಯಮ್ಸ್-ಎಲಿಸ್ ಎಂಬ ವಾಸ್ತುಶಿಲ್ಪಿ 1925ರಿಂದ ಐವತ್ತು ವರ್ಷ ಕಟ್ಟುತ್ತಾ ಹೋದ, ಇಟಲಿಯ ಹಳ್ಳಿಯ ಕನಸಿನಂಥ ಜಾಗ. ಊರಿನ ಹೆಸರನ್ನು ಧಾರಾವಾಹಿ ಬಿಟ್ಟುಕೊಡುವುದು ಕೊನೆಯ ಕಂತಿನ ಟೈಟಲ್‌ನಲ್ಲೇ. ತಮ್ಮನ ಮನೆಗೆ ಹೋದಾಗ ನೋಡಿ ಬನ್ನಿ. ಬಲೂನ್ ಬರುವುದಿಲ್ಲ.

ಮತ್ತೆ ಒಂದು ದಾರಿ ಇದೆ, ಇದನ್ನು ಯಾರೂ ಹೇಳುವುದಿಲ್ಲ: ಮಗಳಿಗೆ ಎರಡು ಕಂತು ನೋಡಿ ಹಿಡಿಸದಿದ್ದರೆ ಬಿಟ್ಟುಬಿಡಲಿ. ‘ಮುಂದೆ ಚೆನ್ನಾಗಿದೆ, ತಡಿ’ ಎಂದು ಕೂರಿಸಬೇಡಿ. ಈ ಧಾರಾವಾಹಿಯನ್ನು ಬಲವಂತದಿಂದ ನೋಡಿಸುವುದಕ್ಕಿಂತ ತಮಾಷೆ ಬೇರೊಂದಿಲ್ಲ.

ನಿಮ್ಮ ಪತ್ರದಲ್ಲಿ ನೀವು ಸುಮ್ನೆ ಬರೆದುಬಿಟ್ಟ ಒಂದು ಸಾಲಿದೆ. ಬ್ಯಾಂಕು ಬಿಟ್ಟದ್ದು, ಯಾಕೆ ಬಿಟ್ಟೆ ಎಂದು ಬಳಗವೆಲ್ಲ ಇನ್ನೂ ಕೇಳುತ್ತಿರುವುದು. ಅದು ಬೇರೆ ಮಾತು ಅಂದಿದ್ದೀರಿ. ನನಗೇನೋ ಬೇರೆ ಮಾತು ಅನ್ನಿಸಲಿಲ್ಲ. 17 ಕಂತಿನುದ್ದಕ್ಕೂ ಆ ಮನುಷ್ಯನನ್ನು ಎಲ್ಲರೂ ಕೇಳುವುದು ಅದನ್ನೇ. ಕೇಳುವವರಲ್ಲಿ ಎಷ್ಟೋ ಜನ ಒಳ್ಳೆಯವರ ಹಾಗೆಯೇ ಕಾಣುತ್ತಾರೆ, ಚಹಾ ಕೊಟ್ಟು ಕೇಳುತ್ತಾರೆ. ಅವನು ಕೊನೆಯವರೆಗೂ ಬಾಯಿ ಬಿಡುವುದಿಲ್ಲ. ‘ಹೇಳಿಬಿಡಬಾರದೇ, ಏನು ಮಹಾ’ ಎಂದು ಯಜಮಾನರಿಗೆ ಅನ್ನಿಸಿರಬಹುದು, ನಿಮಗೆ ಅನ್ನಿಸಿರಲಿಕ್ಕಿಲ್ಲ. ಒಂದೇ ಸೋಫಾದಲ್ಲಿ ಕೂತು ಇಬ್ಬರೂ ಎರಡು ಧಾರಾವಾಹಿ ನೋಡಿದ್ದೀರಿ.

ಯಜಮಾನರಿಗೆ ಒಂದು ಸಮಾಧಾನದ ಸುದ್ದಿಯನ್ನೂ ಕೊಡಿ. ಜಗಳವಾಡಿ ಹೋದ ಮಾರ್ಕ್‌ಸ್ಟೀನ್ ವಿಚಾರ ಹೇಳಿದೆನಲ್ಲ, ಅವರಿಗೆ ಬೇಕಿದ್ದದ್ದು ನೆಟ್ಟಗಿನ ಗುಪ್ತಚರ ಕಥೆ. ಮಹಾಯುದ್ಧದ ಕಾಲದಲ್ಲಿ ಗುಟ್ಟು ತಿಳಿದವರನ್ನು ಸ್ಕಾಟ್ಲೆಂಡಿನ ಒಂದು ಮನೆಯಲ್ಲಿ ಆರಾಮಾಗಿ ಕೂಡಿಹಾಕುತ್ತಿದ್ದದ್ದು ಅವರಿಗೆ ಗೊತ್ತಿತ್ತು. ಈ ಊರಿನ ಕಲ್ಪನೆ ಅಲ್ಲಿಂದ ಬಂತು ಎಂದು ಅವರು ಹೇಳುತ್ತಿದ್ದರು. ನಂಬರ್ ಸಿಕ್ಸ್ ಎಂದರೆ ‘ಡೇಂಜರ್ ಮ್ಯಾನ್’ನ ಅದೇ ಜಾನ್ ಡ್ರೇಕ್, ರಾಜೀನಾಮೆಗೆ ಒಂದು ನಿಜವಾದ ಕಾರಣ ಇತ್ತು ಎಂಬುದೂ ಅವರ ವಾದ. ಮ್ಯಾಕ್‌ಗೂಹನ್ ಅದನ್ನು ಕೊನೆಯವರೆಗೂ ಒಪ್ಪಲಿಲ್ಲ. ಈಗ ಡಿವಿಡಿ ಹಾಕಿ ಆರಂಭದ ದೃಶ್ಯ ಮತ್ತೊಮ್ಮೆ ನೋಡಿ. ನಾಯಕ ಉದ್ದನೆಯ ಓಣಿ ದಾಟಿ, ಬಾಗಿಲು ದೂಡಿ ಒಳನುಗ್ಗಿ, ಮೇಜು ಗುದ್ದಿ ರಾಜೀನಾಮೆ ಎಸೆಯುತ್ತಾನಲ್ಲ? ಮೇಜಿನ ಆಚೆ ಮಾತಿಲ್ಲದೆ ಕೂತು ಬೈಸಿಕೊಳ್ಳುತ್ತಿರುವವರೇ ಜಾರ್ಜ್ ಮಾರ್ಕ್‌ಸ್ಟೀನ್. ಅವರು ನಿಮ್ಮ ಯಜಮಾನರ ಪಕ್ಷ.